ಬೆಳ್ಳಿಯ ಅಯಾನುಗಳಿಗೆ ಒಡ್ಡಿದ ಸತುವಿನ ಆಕ್ಸೈಡ್ ನ್ಯಾನೊಕಡ್ಡಿಗಳು: ಹದಿನಾಲ್ಕು ತಿಂಗಳ ಕೆಲಸದ ದಾಖಲೆ

ಸತುವಿನ ಆಕ್ಸೈಡ್ ನ್ಯಾನೊಕಡ್ಡಿಗಳಿಂದ (ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಕಡ್ಡಿಗಳಿಂದ) ಮಾಡಿದ ನೇರಳಾತೀತ ಬೆಳಕಿನ ಡಿಟೆಕ್ಟರಿಗೆ ಒಂದು ದೊಡ್ಡ ಕೊರತೆಯಿದೆ. ಬೆಳಕು ಬಿದ್ದ ಕೂಡಲೇ ಅದರಲ್ಲಿ ವಿದ್ಯುತ್ ಪ್ರವಾಹ ಏರುತ್ತದೆ, ಆದರೆ ಬೆಳಕು ಆರಿದ ಮೇಲೆ ಇಳಿಯಲು ನಿಮಿಷಗಟ್ಟಲೆ ಹಿಡಿಯುತ್ತದೆ. ಈ ಕಡ್ಡಿಗಳನ್ನು 120 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಬೆಳ್ಳಿಯ ಅಯಾನುಗಳಿಗೆ, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳಿಗೆ, ಒಡ್ಡಿದರೆ ಇಳಿಯುವ ಸಮಯ ಕಡಿಮೆಯಾಗುತ್ತದೆಯೇ, ಆಗುವುದಾದರೆ ಎಷ್ಟು ಅಯಾನುಗಳು ಬೇಕು ಎಂಬುದನ್ನು ತಿಳಿಯುವುದು ನನ್ನ ಕೆಲಸವಾಗಿತ್ತು. ಈ ಹದಿನಾಲ್ಕು ತಿಂಗಳಲ್ಲಿ ಮೂರು ತಪ್ಪುಗಳು ನಡೆದವು. ಅವುಗಳಲ್ಲಿ ಎರಡು ಮೊದಲ ನೋಟಕ್ಕೆ ಒಳ್ಳೆಯ ಫಲಿತಾಂಶದಂತೆಯೇ ಕಂಡಿದ್ದವು, ಮೂರನೆಯದು ನಮ್ಮ ಲೆಕ್ಕದ ಹಾಳೆಯಲ್ಲಿಯೇ ಅಡಗಿತ್ತು. ಇದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲಿ ಎಂದು ಎಲ್ಲವನ್ನೂ ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ಹಂತ 1: ಕಡ್ಡಿಗಳನ್ನು ಬೆಳೆಸಿದ್ದು (ಜುಲೈ, ಆಗಸ್ಟ್)

ಮೊದಲ ಸುತ್ತಿಗೆ ತಳವಾಗಿ 300 ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರವಿರುವ ಸಿಲಿಕಾನ್ ವೇಫರನ್ನು ಆರಿಸಿಕೊಂಡೆ. ವಜ್ರದ ಮೊನೆಯ ಪೆನ್ನಿನಿಂದ ಗೀರಿ 8 ಮಿಲಿಮೀಟರ್ ಚೌಕದ ತುಂಡುಗಳಾಗಿ ಮುರಿದು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಶುದ್ಧೀಕರಿಸಿದ ನೀರಿನಲ್ಲಿ ತಲಾ ಹತ್ತು ನಿಮಿಷ ಅಲ್ಟ್ರಾಸೋನಿಕ್ ಪಾತ್ರೆಯಲ್ಲಿ ತೊಳೆದೆ.

ಕಡ್ಡಿಗಳು ಬೇರೂರಿ ಬೆಳೆಯಲು ಬೇಕಾದ ತೆಳುವಾದ ಬೀಜಪದರಕ್ಕಾಗಿ 0.66 ಗ್ರಾಂ ಜಿಂಕ್ ಅಸಿಟೇಟ್ ಡೈಹೈಡ್ರೇಟನ್ನು 10 ಮಿಲಿಲೀಟರ್ 2-ಮಿಥಾಕ್ಸಿ ಎಥನಾಲ್‌ನಲ್ಲಿ ಹಾಕಿ, 0.18 ಮಿಲಿಲೀಟರ್ ಮೊನೊಎಥನಾಲಮೈನ್ ಸೇರಿಸಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಕಲಕಿ ಒಂದು ರಾತ್ರಿ ಹಾಗೆಯೇ ಬಿಟ್ಟೆ. ಮರುದಿನ ಈ ದ್ರಾವಣವನ್ನು ಸ್ಪಿನ್ ಕೋಟರಿನಲ್ಲಿ ನಿಮಿಷಕ್ಕೆ 3,000 ಸುತ್ತಿನಂತೆ 30 ಸೆಕೆಂಡು ಲೇಪಿಸಿ, 250 ಡಿಗ್ರಿಯ ಹಾಟ್‌ಪ್ಲೇಟಿನ ಮೇಲೆ ಹತ್ತು ನಿಮಿಷ ಒಣಗಿಸಿದೆ. ಮೂರು ಲೇಪನಗಳಾದ ಮೇಲೆ ಮಫಲ್ ಫರ್ನೇಸಿನಲ್ಲಿ 350 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟೆ.

ಕಡ್ಡಿಗಳನ್ನು ಬೆಳೆಸಲು 100 ಮಿಲಿಲೀಟರ್ ನೀರಿಗೆ 0.744 ಗ್ರಾಂ ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್ ಮತ್ತು 0.350 ಗ್ರಾಂ ಹೆಕ್ಸಮಿಥಿಲೀನ್‌ಟೆಟ್ರಮೈನ್ ಸಾಕು. ಎರಡೂ 25 ಮಿಲಿಮೋಲಾರ್ ಆಗುತ್ತವೆ. ಮುಚ್ಚಳ ಬಿಗಿಯಾಗಿರುವ ಬೋರೊಸಿಲಿಕೇಟ್ ಬಾಟಲಿಯಲ್ಲಿ ಹಾಕಿ 90 ಡಿಗ್ರಿಯ ಓವನ್ನಿನಲ್ಲಿ ಐದು ಗಂಟೆ ಇಟ್ಟೆ. ಮೊದಲ ಬಾರಿ ತುಂಡುಗಳನ್ನು ಬಾಟಲಿಯ ತಳದಲ್ಲಿ ಬೀಜಪದರ ಮೇಲ್ಮುಖವಾಗಿರುವಂತೆ ಮಲಗಿಸಿದ್ದರಿಂದ, ದ್ರಾವಣದಲ್ಲಿಯೇ ಹುಟ್ಟಿದ ಬಿಳಿಯ ಗಸಿ ಕೆಳಗಿಳಿದು ಅವುಗಳ ಮೇಲೆ ಸುಣ್ಣ ಬಳಿದಂತೆ ಕೂತಿತು. ಮುಂದಿನ ಬಾರಿ ತುಂಡುಗಳನ್ನು ಟೆಫ್ಲಾನ್ ಟೇಪಿನಿಂದ ಗಾಜಿನ ಪಟ್ಟಿಗೆ ಕಟ್ಟಿ, ಬೀಜಪದರ ಕೆಳಮುಖವಾಗಿರುವಂತೆ ಓರೆಯಾಗಿ ಇಳಿಬಿಟ್ಟೆ. ಈ ಕ್ರಮದಿಂದ ಬಂದ ಕಡ್ಡಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸುಮಾರು 80 ನ್ಯಾನೊಮೀಟರ್ ದಪ್ಪ ಮತ್ತು 1.4 ಮೈಕ್ರಾನ್ ಎತ್ತರವಿದ್ದು, ಷಟ್ಕೋನದ ತುದಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

ಹಂತ 2: ಚಿನ್ನದ ಸಂಪರ್ಕಗಳು ಮತ್ತು ಅಳತೆಯ ಪೆಟ್ಟಿಗೆ (ಸೆಪ್ಟೆಂಬರ್)

0.1 ಮಿಲಿಮೀಟರ್ ದಪ್ಪದ ಸ್ಟೀಲ್ ಹಾಳೆಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ಒಂದರೊಳಗೊಂದು ಸೇರುವ ಗೆರೆಗಳನ್ನು ಲೇಸರಿನಿಂದ ಕೊರೆಸಿ ಮಾಸ್ಕ್ ಮಾಡಿಸಿದೆ. ಗೆರೆಯ ಅಗಲ 200 ಮೈಕ್ರಾನ್, ನಡುವಿನ ಅಂತರವೂ ಅಷ್ಟೇ. ಇದಕ್ಕೆ 2,200 ರೂಪಾಯಿ ತಗಲಿತು. ಅದರ ಮೂಲಕ 10 ನ್ಯಾನೊಮೀಟರ್ ಕ್ರೋಮಿಯಂ ಮತ್ತು ಅದರ ಮೇಲೆ 100 ನ್ಯಾನೊಮೀಟರ್ ಚಿನ್ನವನ್ನು ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸಿದೆವು. ಒಂದು ಬಾರಿಗೆ 3,500 ರೂಪಾಯಿ ಖರ್ಚಾಗುತ್ತಿದ್ದುದರಿಂದ ಹನ್ನೆರಡು ತುಂಡುಗಳನ್ನು ಒಟ್ಟಿಗೇ ಹಾಕಿಸಿದೆ.

ಅಳತೆಯ ಪೆಟ್ಟಿಗೆಯನ್ನು ಹಳೆಯ ಅಲ್ಯೂಮಿನಿಯಂ ಡಬ್ಬಿಯಿಂದ ಮಾಡಿದೆ. ಮುಚ್ಚಳಕ್ಕೆ 180 ರೂಪಾಯಿಯ 365 ನ್ಯಾನೊಮೀಟರ್ ಎಲ್‌ಇಡಿ ಕೂರಿಸಿ, ಒಳಗೆ ಸ್ಪ್ರಿಂಗ್ ಇರುವ ಎರಡು ಪ್ರೋಬ್ ಸೂಜಿಗಳನ್ನು ಬಿಗಿದೆ. ಸೋರ್ಸ್‌ಮೀಟರಿನಿಂದ 5 ವೋಲ್ಟ್ ಕೊಟ್ಟು ಕತ್ತಲೆಯಲ್ಲಿನ ಪ್ರವಾಹ, ಬೆಳಕಿನಲ್ಲಿನ ಪ್ರವಾಹ, ಮತ್ತು ಬೆಳಕು ಆರಿದ ಮೇಲೆ ಪ್ರವಾಹವು ಶೇ 37ಕ್ಕೆ ಇಳಿಯಲು ಹಿಡಿಯುವ ಸಮಯ ಎಂಬ ಮೂರು ಸಂಖ್ಯೆಗಳನ್ನು ಪ್ರತಿ ತುಂಡಿಗೂ ಬರೆದುಕೊಂಡೆ.

ಹಂತ 3: ಮೊದಲ ಬೀಮ್ (ನವೆಂಬರ್)

ಇಷ್ಟು ಶಕ್ತಿಯ ಭಾರವಾದ ಅಯಾನುಗಳ ಬೀಮಿಗಾಗಿ (ಕಿರಣಕ್ಕಾಗಿ) ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರಿಗೆ ಅರ್ಜಿ ಹಾಕಿದ್ದೆವು. ಅಲ್ಲಿರುವುದು 15 ಯುಡಿ ಪೆಲೆಟ್ರಾನ್ ಎಂಬ ಅಯಾನು ವೇಗವರ್ಧಕ. ಎತ್ತರದ ಟ್ಯಾಂಕಿನ ಮೇಲ್ತುದಿಯಿಂದ ಋಣ ಅಯಾನುಗಳು ನಡುವಿನ ಹೆಚ್ಚು ವೋಲ್ಟೇಜಿನ ಟರ್ಮಿನಲ್ಲಿನ ಕಡೆಗೆ ವೇಗ ಪಡೆಯುತ್ತ ಇಳಿದು, ಅಲ್ಲಿ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಧನ ಅಯಾನುಗಳಾಗಿ, ಅದೇ ವೋಲ್ಟೇಜಿನಿಂದ ಎರಡನೆಯ ಬಾರಿ ವೇಗ ಪಡೆಯುತ್ತವೆ. ನಮಗೆ ಬೇಕಾದ ಬೆಳ್ಳಿಯ ಅಯಾನಿನ ಮೇಲೆ ಒಂಬತ್ತು ಧನ ವಿದ್ಯುದಂಶಗಳಿರುತ್ತವೆ. ಟರ್ಮಿನಲ್ಲಿನಲ್ಲಿ 12 ಮಿಲಿಯನ್ ವೋಲ್ಟ್ ಇದ್ದರೆ ಋಣ ಅಯಾನಿನ ಒಂದು ಮತ್ತು ಧನ ಅಯಾನಿನ ಒಂಬತ್ತು ಸೇರಿ ಹತ್ತರಷ್ಟು, ಅಂದರೆ 120 ಎಂಇವಿ ಆಗುತ್ತದೆ. ಈ ಒಂಬತ್ತು ಎಂಬ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ಅದನ್ನೇ ನಾನು ಮರೆತೆ.

ಹೊರಡುವ ಮೊದಲು, ಅಯಾನು ವಸ್ತುವಿನೊಳಗೆ ಎಷ್ಟು ಆಳಕ್ಕೆ ಹೋಗುತ್ತದೆಂದು ತಿಳಿಸುವ ಎಸ್‌ಆರ್‌ಐಎಂ ಪ್ರೋಗ್ರಾಮಿನಲ್ಲಿ ಲೆಕ್ಕ ಹಾಕಿ ನೋಡಿದ್ದೆ. ಈ ಅಯಾನು ಸತುವಿನ ಆಕ್ಸೈಡಿನಲ್ಲಿ ಪ್ರತಿ ನ್ಯಾನೊಮೀಟರಿಗೆ ಸುಮಾರು 20 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯನ್ನು ಎಲೆಕ್ಟ್ರಾನುಗಳಿಗೆ ಬಿಟ್ಟುಕೊಡುತ್ತ, ಹಲವು ಮೈಕ್ರಾನ್ ಆಳಕ್ಕೆ ಹೋಗಿ ನಿಲ್ಲುತ್ತದೆ. ನಮ್ಮ ಕಡ್ಡಿಗಳ ಎತ್ತರ ಒಂದೂವರೆ ಮೈಕ್ರಾನಿಗಿಂತ ಕಡಿಮೆಯಾದ್ದರಿಂದ ಅಯಾನು ಕಡ್ಡಿಯನ್ನು ದಾಟಿ ತಳದಲ್ಲಿ ಹೂತುಹೋಗುತ್ತದೆ, ಬೆಳ್ಳಿ ಕಡ್ಡಿಯಲ್ಲಿ ಉಳಿಯುವುದಿಲ್ಲ ಎಂದು ಸಮಾಧಾನಪಟ್ಟುಕೊಂಡೆ. ದಾಟಿಹೋದ ಅಯಾನು ತಳಕ್ಕೆ ಏನು ಮಾಡುತ್ತದೆ ಎಂದು ಆಗ ಯೋಚಿಸಲಿಲ್ಲ.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೊರಟೆವು. ತುಂಡುಗಳಿದ್ದ ಡಬ್ಬಿಯನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಜಿಪ್ ಚೀಲದಲ್ಲಿ ಹಾಕಿ, ದಾರಿಯುದ್ದಕ್ಕೂ ಕೈಚೀಲದಲ್ಲಿಯೇ ಇಟ್ಟುಕೊಂಡಿದ್ದೆ.

ತುಂಡುಗಳನ್ನು ಲ್ಯಾಡರ್ ಎಂದು ಕರೆಯುವ ಲೋಹದ ಉದ್ದನೆಯ ಹಿಡಿಕೆಗೆ ಅಂಟಿಸಿ, ನಿರ್ವಾತದ ಕೋಣೆಯೊಳಗೆ ಇಳಿಸಲಾಗುತ್ತದೆ. ಬೀಮಿನ ಕೋಣೆಗೆ ಬೀಗ ಬಿದ್ದ ಮೇಲೆ ಎಲ್ಲವನ್ನೂ ಹೊರಗಿನಿಂದಲೇ ನಡೆಸಬೇಕು. ಮ್ಯಾಗ್ನೆಟಿಕ್ ಸ್ಕ್ಯಾನರ್ ಬೀಮನ್ನು 1 ಸೆಂಟಿಮೀಟರ್ ಚೌಕದ ಮೇಲೆ ಸಮನಾಗಿ ಹರಡುವುದರಿಂದ ನಮ್ಮ 8 ಮಿಲಿಮೀಟರ್ ತುಂಡು ಪೂರ್ತಿ ಅದರೊಳಗೆ ಬರುತ್ತಿತ್ತು. ಒಂದು ಚದರ ಸೆಂಟಿಮೀಟರಿನ ಮೇಲೆ ಬಿದ್ದ ಅಯಾನುಗಳ ಸಂಖ್ಯೆಗೆ ಫ್ಲುಯೆನ್ಸ್ ಎನ್ನುತ್ತಾರೆ. ನಾವು 3×10¹¹, 1×10¹², 3×10¹² ಮತ್ತು 1×10¹³ ಎಂಬ ನಾಲ್ಕು ಫ್ಲುಯೆನ್ಸ್‌ಗಳನ್ನು ಆರಿಸಿಕೊಂಡಿದ್ದೆವು. ಪ್ರತಿ ಫ್ಲುಯೆನ್ಸಿಗೆ ಯಂತ್ರದ ಎಣಿಕೆ ಎಷ್ಟಾಗಬೇಕೆಂಬ ಲೆಕ್ಕವನ್ನು ಈ ಬಾರಿ ಅನುಭವವಿದ್ದವರೊಬ್ಬರು ಹಾಕಿಕೊಟ್ಟರು. ಎಂಟು ಗಂಟೆಯ ಒಂದು ಶಿಫ್ಟಿನಲ್ಲಿ ಕೆಲಸ ಮುಗಿಯಿತು.

ಹಂತ 4: ಫಲಿತಾಂಶವೆಂದು ಕಂಡ ಎರಡು ತಪ್ಪುಗಳು (ಡಿಸೆಂಬರ್, ಜನವರಿ)

ಊರಿಗೆ ಮರಳಿ ಅಳೆದಾಗ ಕತ್ತಲೆಯ ಪ್ರವಾಹ ಫ್ಲುಯೆನ್ಸ್ ಹೆಚ್ಚಿದಂತೆ ಕ್ರಮವಾಗಿ ಏರಿತ್ತು. ಗ್ರಾಫಿನಲ್ಲಿ ನಾಲ್ಕು ಬಿಂದುಗಳೂ ಒಂದೇ ಗೆರೆಯ ಮೇಲೆ ಕೂತಂತಿದ್ದವು. ಬಹಳ ಸಂತೋಷಪಟ್ಟು ಅದನ್ನು ಗೈಡ್‌ಗೂ ತೋರಿಸಿದೆ.

ಮೊದಲ ಅನುಮಾನ ಬಂದದ್ದು ಒಂದು ಸಂಜೆ. ಡಬ್ಬಿಯ ಮುಚ್ಚಳ ಹಾಕಿದ ಮೇಲೂ ಮೀಟರಿನ ಅಂಕಿ ನಿಲ್ಲುತ್ತಿರಲಿಲ್ಲ. 2.41 ಮೈಕ್ರೋಆಂಪಿಯರ್ ಇದ್ದದ್ದು 2.38 ಆಯಿತು, ಸ್ವಲ್ಪ ಹೊತ್ತಿಗೆ 2.30 ಆಯಿತು, ಕಾಫಿ ಕುಡಿದು ಬರುವಷ್ಟರಲ್ಲಿ 1.9ಕ್ಕೆ ಇಳಿದಿತ್ತು. ಪಕ್ಕದಲ್ಲಿದ್ದ ಕಿರಿಯ ಸಂಶೋಧಕ, 'ಅಕ್ಕಾ, ತುಂಡನ್ನು ಕೂರಿಸುವಾಗ ಮೇಲಿನ ಟ್ಯೂಬ್‌ಲೈಟ್ ಆರಿಸಿಯೇ ನೋಡೋಣವೇ?' ಎಂದು ಕೇಳಿದ. ಕೋಣೆಯ ಕಿಟಕಿಯಿಂದ ಮತ್ತು ಟ್ಯೂಬ್‌ಲೈಟಿನಿಂದ ಬರುವ ಅಲ್ಪ ಬೆಳಕೇ ಕಡ್ಡಿಗಳನ್ನು ಗಂಟೆಗಟ್ಟಲೆ ಎಚ್ಚರದಲ್ಲಿಡುತ್ತಿತ್ತು. ಬೀಮಿಗೆ ಮೊದಲು ತುಂಡುಗಳು ವಾರಗಟ್ಟಲೆ ಡಬ್ಬಿಯಲ್ಲಿ ಮುಚ್ಚಿಕೊಂಡಿದ್ದವು. ಬೀಮಿನ ನಂತರವಾದರೋ ಮೇಜಿನ ಮೇಲೆ ಹರಡಿಟ್ಟು, ಒಂದೊಂದನ್ನೇ ಎತ್ತಿ ಅಳೆದಿದ್ದೆ. ಅಂದಿನಿಂದ ಪ್ರತಿ ತುಂಡನ್ನೂ 24 ಗಂಟೆ ಕತ್ತಲೆಯಲ್ಲಿಟ್ಟು, ಕೆಂಪು ದೀಪದ ಬೆಳಕಿನಲ್ಲಿ ಪೆಟ್ಟಿಗೆಗೆ ಕೂರಿಸುವುದನ್ನು ನಿಯಮ ಮಾಡಿಕೊಂಡೆವು.

ಹಾಗೆ ಅಳೆದಾಗ ಕತ್ತಲೆಯ ಪ್ರವಾಹದ ಏರಿಕೆ ಕಡಿಮೆಯಾಯಿತಾದರೂ ಪೂರ್ತಿ ಹೋಗಲಿಲ್ಲ. ಉಳಿದದ್ದಾದರೂ ನಿಜವಾದ ಪರಿಣಾಮವಿರಬೇಕೆಂದು ನಂಬಿದ್ದೆ. ಒಂದು ತುಂಡಿನ ಮೂಲೆಯಲ್ಲಿ ಟೇಪು ಹಿಡಿದಿದ್ದ ಕಡೆ ಕಡ್ಡಿಗಳು ಬೆಳೆದಿರಲಿಲ್ಲ, ಆದರೆ ಚಿನ್ನದ ಎರಡು ಚುಕ್ಕೆಗಳು ಅಲ್ಲಿಯೂ ಕೂತಿದ್ದವು. ಸೂಜಿಯನ್ನು ತಪ್ಪಿ ಅಲ್ಲಿಟ್ಟಾಗ, ಕಡ್ಡಿಯೇ ಇಲ್ಲದ ಜಾಗದಲ್ಲಿ 0.9 ಮೈಕ್ರೋಆಂಪಿಯರ್ ಹರಿಯಿತು. ಬೀಮ್ ಕಾಣದ ತುಂಡಿನ ಅದೇ ಮೂಲೆಯಲ್ಲಿ ಮೀಟರಿಗೆ ಸಿಗುವಷ್ಟು ಪ್ರವಾಹವೇ ಇರಲಿಲ್ಲ. ಆಮೇಲೆ ಒಂದು ಸೂಜಿಯನ್ನು ಚಿನ್ನದ ಮೇಲೆ, ಇನ್ನೊಂದನ್ನು ವೇಫರಿನ ಹಿಂಬದಿಯನ್ನು ಗೀರಿ ಸಿಲಿಕಾನಿಗೇ ಇಟ್ಟು ನೋಡಿದೆ. ಅಲ್ಲಿಯೂ ಪ್ರವಾಹ ಹರಿಯಿತು. ಅಯಾನುಗಳು ಕಡ್ಡಿಗಳನ್ನು ದಾಟಿ ಕೆಳಗಿನ 300 ನ್ಯಾನೊಮೀಟರ್ ಆಕ್ಸೈಡ್ ಪದರವನ್ನು ಸೋರುವಂತೆ ಮಾಡಿದ್ದವು. ವಿದ್ಯುತ್ತು ಚಿನ್ನದಿಂದ ಸಿಲಿಕಾನಿಗೆ ಇಳಿದು, ಅಲ್ಲಿಂದ ಇನ್ನೊಂದು ಚಿನ್ನದ ಗೆರೆಗೆ ಏರುತ್ತಿತ್ತು. ಐದು ತಿಂಗಳ ಕೆಲಸದಲ್ಲಿ ನಾನು ಅಳೆದದ್ದು ಬಹುಪಾಲು ತಳದ ಸೋರಿಕೆಯನ್ನು.

ಸಿಲಿಕಾನ್ ಮೇಲಿನ ತುಂಡುಗಳ ಅಂಕಿಗಳನ್ನೆಲ್ಲ ಬದಿಗಿಟ್ಟೆ. ಕಡ್ಡಿಗಳಿಲ್ಲದ ಬರಿಯ ತಳಕ್ಕೆ ಚಿನ್ನ ಹಾಕಿದ ಒಂದೇ ಒಂದು ತುಂಡನ್ನು ನವೆಂಬರಿನಲ್ಲಿ ಲ್ಯಾಡರಿಗೆ ಅಂಟಿಸಿದ್ದರೆ ಈ ಸಂಗತಿ ಮೊದಲ ದಿನವೇ ತಿಳಿಯುತ್ತಿತ್ತು. ಲ್ಯಾಡರಿನಲ್ಲಿ ಜಾಗವಿತ್ತು, ತುಂಡೂ ಇತ್ತು. ಬೀಮಿನ ಸಮಯ ಉಳಿಸಬೇಕೆಂದು ಅದನ್ನು ಕೈಬಿಟ್ಟಿದ್ದೆ.

ಹಂತ 5: ಕ್ವಾರ್ಟ್ಜ್ ಮೇಲೆ ಮತ್ತೆ ಮೊದಲಿನಿಂದ (ಫೆಬ್ರವರಿಯಿಂದ ಮೇ)

ಈ ಬಾರಿ 1 ಮಿಲಿಮೀಟರ್ ದಪ್ಪದ ಕ್ವಾರ್ಟ್ಜ್ ಗಾಜಿನ ತುಂಡುಗಳನ್ನು ತರಿಸಿದೆವು. ಕತ್ತರಿಸಿದ್ದೂ ಸೇರಿ ಇಪ್ಪತ್ತು ತುಂಡುಗಳಿಗೆ ಸುಮಾರು 9,000 ರೂಪಾಯಿ ಆಯಿತು. ಇಡೀ ಕೆಲಸದಲ್ಲಿ ಇದೇ ದೊಡ್ಡ ಖರ್ಚು. ಬೆಳೆಸುವ ಕ್ರಮದಲ್ಲಿ ಬದಲಾವಣೆಯಿರಲಿಲ್ಲ. ಒಂದೇ ಬಾಟಲಿಯಲ್ಲಿ ಒಂದೇ ದಿನ ಬೆಳೆದವನ್ನು ಮಾತ್ರ ಒಂದು ಗುಂಪಾಗಿ ತೆಗೆದುಕೊಂಡೆ, ಏಕೆಂದರೆ ಬೇರೆ ಬೇರೆ ದಿನದ ಕಡ್ಡಿಗಳ ನಡುವಿನ ವ್ಯತ್ಯಾಸ ಕೆಲವೊಮ್ಮೆ ಬೀಮ್ ತರುವ ವ್ಯತ್ಯಾಸದಷ್ಟೇ ಇರುತ್ತದೆ.

ಗುಂಪಿನಲ್ಲಿ ಹೀಗೆ ಹಂಚಿದೆ: ಚಿನ್ನ ಹಾಕಿ, ಅಳೆದು, ಬೀಮಿಗೆ ಒಡ್ಡುವ ತುಂಡುಗಳು ನಾಲ್ಕು. ಬೀಮಿಗೆ ಒಡ್ಡಿದ ಮೇಲೆ ಚಿನ್ನ ಹಾಕುವವು ಎರಡು, ಸಂಪರ್ಕವೇ ಕೆಟ್ಟಿದೆಯೋ ಎಂದು ತಿಳಿಯಲು. ಕಡ್ಡಿಗಳಿಲ್ಲದ ಬರಿಯ ಕ್ವಾರ್ಟ್ಜ್ ಒಂದು. ಇನ್ನೊಂದು ತುಂಡು ನಮ್ಮೊಂದಿಗೇ ದೆಹಲಿಗೆ ಬಂದು, ಅದೇ ಲ್ಯಾಡರಿನಲ್ಲಿ ಅದೇ ನಿರ್ವಾತದಲ್ಲಿದ್ದು, ಬೀಮನ್ನು ಮಾತ್ರ ಕಾಣದೆ ಮರಳುವುದು. ನಮ್ಮ ಪ್ರಯೋಗಾಲಯದಲ್ಲಿ ಈಗ ಅದನ್ನು 'ಸಾಕ್ಷಿ ತುಂಡು' ಎಂದೇ ಕರೆಯುತ್ತೇವೆ.

ಹಂತ 6: ಎರಡನೆಯ ಬೀಮ್ ಮತ್ತು ಒಂಬತ್ತರ ತಪ್ಪು (ಜುಲೈ)

ಕ್ವಾರ್ಟ್ಜ್ ವಿದ್ಯುತ್ ನಿರೋಧಕವಾದ್ದರಿಂದ ಬಿದ್ದ ವಿದ್ಯುದಂಶ ಲ್ಯಾಡರಿಗೆ ಹರಿದುಹೋಗಲು ದಾರಿ ಬೇಕು. ಪ್ರತಿ ತುಂಡಿನ ಎರಡು ಮೂಲೆಗಳಲ್ಲಿ ಮೇಲ್ಮೈಯಿಂದ ಲ್ಯಾಡರಿಗೆ ಸಿಲ್ವರ್ ಪೇಸ್ಟ್ ಎಳೆದೆ. ಒಂದು ತುಂಡಿಗೆ ಮರೆತಿದ್ದೆ, ಅಲ್ಲಿ ಎಣಿಕೆ ಒಮ್ಮೆ ನಿಂತು ಒಮ್ಮೆ ಜಿಗಿಯುತ್ತಿತ್ತು. ಪೇಸ್ಟಿನಿಂದ ಶಾಖವೂ ಲ್ಯಾಡರಿಗೆ ಇಳಿಯುತ್ತದೆ. 1 ಪಾರ್ಟಿಕಲ್ ನ್ಯಾನೊಆಂಪಿಯರ್ (ವಿದ್ಯುದಂಶವನ್ನಲ್ಲ, ಅಯಾನುಗಳನ್ನೇ ಎಣಿಸಿ ಹೇಳುವ ಪ್ರವಾಹ) ಬೀಮ್ ಎಂದರೆ ಈ ಶಕ್ತಿಯಲ್ಲಿ 0.12 ವ್ಯಾಟ್, ಹಾಗಾಗಿ ಅದನ್ನು ಮೀರದಂತೆ ನೋಡಿಕೊಂಡೆವು.

ಈ ಬಾರಿ ಎಣಿಕೆಯ ಲೆಕ್ಕವನ್ನು ನಾನೇ ಹಾಕಿದೆ. ಯಂತ್ರವು ಅಯಾನುಗಳನ್ನು ಎಣಿಸುವುದಿಲ್ಲ, ಲ್ಯಾಡರಿಗೆ ಬಂದು ಸೇರಿದ ವಿದ್ಯುದಂಶವನ್ನು ಎಣಿಸುತ್ತದೆ. ಪ್ರತಿ ನ್ಯಾನೊಕೂಲಂಬಿಗೆ ಒಂದು ಎಣಿಕೆ. 1×10¹² ಅಯಾನುಗಳನ್ನು 1.6×10⁻¹⁹ ಕೂಲಂಬಿನಿಂದ ಗುಣಿಸಿ 160 ಎಣಿಕೆ ಎಂದು ಬರೆದೆ. ಪ್ರತಿ ಅಯಾನೂ ಒಂದಲ್ಲ, ಒಂಬತ್ತು ವಿದ್ಯುದಂಶಗಳನ್ನು ಹೊತ್ತು ತರುತ್ತದೆಂಬುದನ್ನು ಬಿಟ್ಟಿದ್ದೆ. ಬೇಕಾಗಿದ್ದುದು 1,440 ಎಣಿಕೆ.

ಬೀಮಿನಡಿ ಕ್ವಾರ್ಟ್ಜ್ ಹೊಳೆಯುತ್ತದೆ. ಮಾನಿಟರಿನಲ್ಲಿ ಆ ಮಸುಕು ಬೆಳಕಿನ ಚೌಕ ಮೂಡಿ, ಇನ್ನೂ ಸರಿಯಾಗಿ ನೋಡುವ ಮೊದಲೇ ಆರಿತು. ಮೊದಲ ತುಂಡು ಐದು ಸೆಕೆಂಡಿಗೆ, ಎರಡನೆಯದು ಹದಿನೆಂಟು ಸೆಕೆಂಡಿಗೆ ಮುಗಿದವು. ಕೆಲಸ ಬೇಗ ಸಾಗುತ್ತಿದೆಯೆಂದು ಖುಷಿಯಾಯಿತೇ ಹೊರತು ಅನುಮಾನ ಬರಲಿಲ್ಲ. 1×10¹³ ಎಂದು ಬರೆದಿದ್ದ ನಾಲ್ಕನೆಯ ತುಂಡು ಮೂರು ನಿಮಿಷದೊಳಗೆ ಮುಗಿದಾಗ, ಹಿಂದಿನ ಶಿಫ್ಟಿನವರು ಅದೇ ಫ್ಲುಯೆನ್ಸಿಗೆ ಸುಮಾರು ಅರ್ಧ ಗಂಟೆ ಕಾದದ್ದು ನೆನಪಾಯಿತು. 1 ಪಾರ್ಟಿಕಲ್ ನ್ಯಾನೊಆಂಪಿಯರ್ ಎಂದರೆ ಸೆಕೆಂಡಿಗೆ 6.25×10⁹ ಅಯಾನುಗಳು. ಅದರಿಂದ ಭಾಗಿಸಿದರೆ 1×10¹³ಕ್ಕೆ 1,600 ಸೆಕೆಂಡು ಬೇಕು. ನಾವು ಕೊಟ್ಟಿದ್ದು 178 ಸೆಕೆಂಡು. ಎಲ್ಲವೂ ಒಂಬತ್ತನೇ ಒಂದು ಭಾಗ.

ತುಂಡುಗಳು ಇನ್ನೂ ಲ್ಯಾಡರಿನಲ್ಲಿಯೇ, ನಿರ್ವಾತದಲ್ಲಿಯೇ ಇದ್ದದ್ದು ನಮ್ಮ ಪುಣ್ಯ. ಉಳಿದ ಎಣಿಕೆಯನ್ನು ಕೊಟ್ಟು ಸರಿಪಡಿಸಿದೆವು: ನಾಲ್ಕನೆಯದಕ್ಕೆ 14,400ರಲ್ಲಿ 1,600 ಕಳೆದು 12,800, ಮೂರನೆಯದಕ್ಕೆ 3,840, ಎರಡನೆಯದಕ್ಕೆ 1,280. ಮೊದಲನೆಯದನ್ನು ಬೇಕೆಂದೇ 3.3×10¹⁰ರಲ್ಲಿ ಬಿಟ್ಟು, ಹಾಗೆಂದೇ ಹೆಸರು ಬರೆದೆ. ಐದು ಸೆಕೆಂಡಿನಷ್ಟು ಕಡಿಮೆ ಅವಧಿಯಲ್ಲಿ ಬೀಮಿನ ಏರಿಳಿತ ಸಮನಾಗುವುದಿಲ್ಲವಾದ್ದರಿಂದ ಆ ತುಂಡಿನ ಫ್ಲುಯೆನ್ಸನ್ನು ಅಂದಾಜೆಂದೇ ತಿಳಿಯಬೇಕು. ಲೆಕ್ಕದ ಸೂತ್ರದಲ್ಲಿ ಹಾಕಬೇಕಾದ ವಿಸ್ತೀರ್ಣ ಸ್ಕ್ಯಾನ್ ಮಾಡಿದ ಇಡೀ ಚೌಕದ್ದು, ತುಂಡಿನದಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಆ ತಪ್ಪಿಗೂ ನಾನು ಬಹಳ ಹತ್ತಿರ ಹೋಗಿದ್ದೆ. ಈಗ ಎಣಿಕೆಯ ಪಕ್ಕದಲ್ಲಿ ಹಿಡಿಯಬೇಕಾದ ಸೆಕೆಂಡುಗಳನ್ನೂ ಬೇರೆಯಾಗಿ ಲೆಕ್ಕ ಹಾಕಿ ಬರೆದಿಟ್ಟು, ಗಡಿಯಾರ ನೋಡುತ್ತಲೇ ಬೀಮ್ ಕೊಡುತ್ತೇವೆ.

ಹಂತ 7: ಅಳತೆಗಳು (ಆಗಸ್ಟ್)

ಎಲ್ಲ ತುಂಡುಗಳನ್ನೂ ಒಂದು ದಿನ ಕತ್ತಲೆಯಲ್ಲಿಟ್ಟು ಅಳೆದೆ. ಬರಿಯ ಕ್ವಾರ್ಟ್ಜ್ ಸೋರಲಿಲ್ಲ. ಬೀಮಿಗೆ ಮೊದಲು ಗುಂಪಿನ ಸರಾಸರಿ ಹೀಗಿತ್ತು: ಕತ್ತಲೆಯ ಪ್ರವಾಹ 0.42 ಮೈಕ್ರೋಆಂಪಿಯರ್, ಬೆಳಕಿನಲ್ಲಿ 38, ಇಳಿಯುವ ಸಮಯ 74 ಸೆಕೆಂಡು.

3.3×10¹⁰ರಲ್ಲಿ ಹೇಳುವಂಥ ಬದಲಾವಣೆಯಿಲ್ಲ. 1×10¹²ರಲ್ಲಿ ಇಳಿಯುವ ಸಮಯ 31 ಸೆಕೆಂಡಿಗೆ ಬಂದಿತ್ತು, ಬೆಳಕಿನ ಪ್ರವಾಹ 29 ಮೈಕ್ರೋಆಂಪಿಯರ್ ಉಳಿದಿತ್ತು. 3×10¹²ರಲ್ಲಿ ಸಮಯ 22 ಸೆಕೆಂಡು, ಆದರೆ ಬೆಳಕಿನ ಪ್ರವಾಹ ಅರ್ಧಕ್ಕಿಂತ ಕಡಿಮೆ. 1×10¹³ರಲ್ಲಿ ಬೆಳಕಿನ ಪ್ರವಾಹ 4ಕ್ಕೆ ಕುಸಿದಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಷಟ್ಕೋನದ ಅಂಚುಗಳು ಸವೆದು, ಕೆಲವೆಡೆ ಪಕ್ಕಪಕ್ಕದ ಕಡ್ಡಿಗಳು ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬೀಮಿನ ನಂತರ ಚಿನ್ನ ಹಾಕಿದ ಎರಡು ತುಂಡುಗಳೂ 1×10¹²ರವೇ. ಅವು 30 ಮತ್ತು 34 ಸೆಕೆಂಡು ತೋರಿಸಿದ್ದರಿಂದ ಸಂಪರ್ಕದ ಅನುಮಾನ ನಿವಾರಣೆಯಾಯಿತು. ನನ್ನ ಮಟ್ಟಿಗೆ ಡಿಟೆಕ್ಟರಿಗೆ ತಕ್ಕ ಫ್ಲುಯೆನ್ಸ್ 1×10¹²ರ ಆಸುಪಾಸಿನಲ್ಲಿದೆ. ಅಲ್ಲಿಂದ ಮುಂದೆ ಸಿಗುವ ವೇಗಕ್ಕಿಂತ ಕಳೆದುಕೊಳ್ಳುವ ಸಂಕೇತವೇ ಹೆಚ್ಚು.

ಸಾಕ್ಷಿ ತುಂಡನ್ನು ಕೊನೆಯಲ್ಲಿ ಅಳೆದೆ. ಬೀಮನ್ನೇ ಕಾಣದ ಅದರ ಇಳಿಯುವ ಸಮಯವೂ 74ರಿಂದ 66 ಸೆಕೆಂಡಿಗೆ ಬಂದಿತ್ತು. ರಾತ್ರಿಯಿಡೀ ನಿರ್ವಾತದಲ್ಲಿದ್ದುದರಿಂದ ಮೇಲ್ಮೈಗೆ ಅಂಟಿದ್ದ ಆಮ್ಲಜನಕ ಮತ್ತು ತೇವ ಬಿಟ್ಟುಹೋಗಿ ಹೀಗಾಗಿರಬೇಕೆಂದು ಊಹಿಸಿ, ಅದನ್ನು ಸಾಮಾನ್ಯ ಗಾಳಿಯಲ್ಲಿ ಕತ್ತಲೆಯಲ್ಲಿ ಇಟ್ಟಿದ್ದೇನೆ. ಹತ್ತನೆಯ ದಿನ ಅದು 71 ಸೆಕೆಂಡು ತೋರಿಸಿತು. ಬೀಮ್ ಕಂಡ ತುಂಡುಗಳೂ ಅದರ ಪಕ್ಕದಲ್ಲಿಯೇ ಇವೆ. ಅದೇ ಹತ್ತನೆಯ ದಿನ 1×10¹²ರ ತುಂಡು 33 ಸೆಕೆಂಡು ತೋರಿಸಿದೆ. ಮೂವತ್ತನೆಯ ದಿನದವರೆಗೆ ಎರಡನ್ನೂ ಐದು ದಿನಕ್ಕೊಮ್ಮೆ ಅಳೆಯುತ್ತ ಹೋಗುತ್ತೇನೆ.